ಲೈವ್‌ನಲ್ಲಿ ಸೀರೆ ಮಾರುವವರೇ, ಕೊಳ್ಳುವವರೇ, ಕಾಮೆಂಟಿನಲ್ಲಿ ಬರುವ ನಂಬರಿಗೆ ದುಡ್ಡು ಹಾಕಬೇಡಿ

ಲೈವ್ ಮಾಡಿ ವ್ಯಾಪಾರ ಮಾಡುವವರು, ಲೈವ್ ನೋಡಿ ಕೊಳ್ಳುವವರು, ಇಬ್ಬರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರೋ ನಮ್ಮ ಅಂಗಡಿಯ ಹೆಸರಿನಲ್ಲಿ ನಕಲಿ ಪೇಜ್ ಮಾಡಿದ್ದಾರೆ. ನಮ್ಮ ಲೈವ್ ನಡೆಯುತ್ತಿರುವಾಗಲೇ ನಮ್ಮದೇ ಕಾಮೆಂಟುಗಳೊಳಗೆ ಸೇರಿಕೊಂಡು ನಮ್ಮ ಗಿರಾಕಿಗಳ ದುಡ್ಡು ಹೊಡೆದಿದ್ದಾರೆ.

ನಾವು ಇಳಕಲ್ ಸೀರೆ ವ್ಯಾಪಾರದವರು. ಲೈವ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಿಜವಾಗಿಯೂ ನಮ್ಮ ಕೈ ಹಿಡಿದಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹಾಕುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೆಲಸ ಫೋಟೋದಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಲೈವ್‌ನಲ್ಲಿ ಸೆರಗನ್ನು ಕ್ಯಾಮೆರಾ ಹತ್ತಿರ ಹಿಡಿದು, ಟೋಪ್ ತೆನಿ, ಅಂದರೆ ಇಳಕಲ್ ಸೆರಗಿನ ವಿನ್ಯಾಸ, ಎಲ್ಲಿ ಶುರುವಾಗುತ್ತದೆ, ಜೋಡಿಸಿದ ಜಾಗ ಯಾವುದು ಅಂತ ಹಿಂದೆ ಮುಂದೆ ತಿರುಗಿಸಿ ತೋರಿಸಿದರೆ ಹೊಸಬರಿಗೂ ಅರ್ಥ ಆಗುತ್ತದೆ. ಪುಣೆ, ಸೊಲ್ಲಾಪುರ, ಬೆಂಗಳೂರಿನ ಎಷ್ಟೋ ಗಿರಾಕಿಗಳು ನಮಗೆ ಸಿಕ್ಕಿದ್ದು ಹೀಗೇ.

ಆದರೆ ಕೈಮಗ್ಗದ ಸೀರೆ ಅಂದ ಮೇಲೆ ಒಂದು ಬಣ್ಣ, ಒಂದು ದಡಿಯದ್ದು ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಾಗಿ ಲೈವ್‌ನಲ್ಲಿ ಎಲ್ಲರಿಗೂ ಅವಸರ. ಸೀರೆಗೊಂದು ನಂಬರ್ ಕೊಡುತ್ತೇವೆ, ಯಾರು ಮೊದಲು ‘ಬುಕ್’ ಅಂತ ಹಾಕುತ್ತಾರೋ ಅವರಿಗೆ ಆ ಸೀರೆ. ಲೈವ್ ವ್ಯಾಪಾರ ಮಾಡುವ ಬಹಳಷ್ಟು ಅಂಗಡಿಗಳ ಪದ್ಧತಿ ಇದೇ. ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ಸೌಲಭ್ಯವನ್ನು 2022ರ ಅಕ್ಟೋಬರ್ 1ಕ್ಕೇ ನಿಲ್ಲಿಸಿದೆ. ಹಾಗಾಗಿ ಸೀರೆ ತೋರಿಸುವುದು ಒಂದು ಕಡೆ, ದುಡ್ಡು ಕಟ್ಟುವುದು ವಾಟ್ಸಾಪಿನಲ್ಲೋ ಯುಪಿಐನಲ್ಲೋ ಇನ್ನೊಂದು ಕಡೆ. ಕಳ್ಳರು ನುಗ್ಗುವುದು ಈ ಎರಡರ ನಡುವಿನ ಜಾಗದಲ್ಲೇ.

ಹೇಗೆ ಅಂತ ಹೇಳುತ್ತೇನೆ. ನಾನು ಕ್ಯಾಮೆರಾ ಮುಂದೆ ಕಡುಹಸಿರು ಒಡಲಿನ, ಕೆಂಪು ಸೆರಗಿನ ಸೀರೆ ಹಿಡಿದು ನಿಂತಿದ್ದೆ. ಹುಬ್ಬಳ್ಳಿಯ ಒಬ್ಬರು ‘ಬುಕ್’ ಅಂತ ಹಾಕಿದರು. ನಮ್ಮ ಅಂಗಡಿಯದೇ ಫೋಟೋ, ನಮ್ಮದೇ ಹೆಸರು, ಕೊನೆಯಲ್ಲಿ ಒಂದು ಚುಕ್ಕೆ ಮಾತ್ರ ಜಾಸ್ತಿ ಇದ್ದ ಖಾತೆಯಿಂದ ಅವರಿಗೆ ತಕ್ಷಣ ಉತ್ತರ ಹೋಗಿದೆ: ‘ಅಕ್ಕಾ, ನಿಮ್ಮ ಸೀರೆ ಕನ್ಫರ್ಮ್ ಆಗಿದೆ, ಈ ನಂಬರಿಗೆ ವಾಟ್ಸಾಪ್ ಮಾಡಿ, 10 ನಿಮಿಷದೊಳಗೆ ದುಡ್ಡು ಹಾಕದಿದ್ದರೆ ಬೇರೆಯವರಿಗೆ ಹೋಗುತ್ತದೆ.’ ವಾಟ್ಸಾಪಿನಲ್ಲೂ ನಮ್ಮ ಅಂಗಡಿಯದೇ ಫೋಟೋ. ಆ ಲೈವ್‌ನಲ್ಲಿ ನಾನು ಅದೇ ಸೀರೆ ಹಿಡಿದಿರುವ ಸ್ಕ್ರೀನ್‌ಶಾಟ್ ಬೇರೆ ಕಳಿಸಿದ್ದಾರೆ. ಯಾರು ತಾನೇ ಅನುಮಾನ ಪಡುತ್ತಾರೆ ಹೇಳಿ? ಅವರು 3,200 ರೂಪಾಯಿ ಹಾಕಿದರು. ಮಗಳ ಸೀಮಂತಕ್ಕೆ ಅಂತ ಆರಿಸಿದ ಸೀರೆ ಅದು.

ವಾರದ ಮೇಲೆ ನಮ್ಮ ಅಂಗಡಿಗೆ ಫೋನ್ ಬಂತು. ‘ಅಲ್ರೀ ತಂಗಿ, ರೊಕ್ಕಾ ಹಾಕಿ ವಾರಾ ಆತು, ಸೀರಿ ಇನ್ನೂ ಬಂದಿಲ್ಲಲ್ರೀ?’ ನಮ್ಮ ಲೆಕ್ಕದಲ್ಲಿ ಅವರ ಹೆಸರೇ ಇರಲಿಲ್ಲ. ಅವರು ಕಳಿಸಿದ ಪೇಮೆಂಟ್ ಚಿತ್ರ ನೋಡಿದರೆ ದುಡ್ಡು ಹೋಗಿದ್ದು ಯಾರದೋ ಗುರುತಿಲ್ಲದ ಹೆಸರಿಗೆ. ಆಮೇಲೆ ಒಬ್ಬೊಬ್ಬರದೇ ಫೋನ್ ಶುರುವಾಯಿತು. ಕೆಲವರು ಅತ್ತರು, ಕೆಲವರು ನಮ್ಮನ್ನೇ ಕಳ್ಳರು ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ದುಡ್ಡು ಹಾಕಿದ್ದು ನಮ್ಮ ಮುಖ ನೋಡಿ. ತಲೆತಲಾಂತರದಿಂದ ನಮ್ಮ ಮನೆತನ ಗಳಿಸಿದ ನಂಬಿಕೆಯನ್ನು ಯಾರೋ ಮೊಬೈಲ್ ಹಿಡಿದು ಕೂತವರು ಮಾರಿಕೊಂಡು ತಿಂದರಲ್ಲ, ಅದೇ ನುಂಗಲಾರದ ನೋವು.

ಆ ಪೇಜಿನ ಮೇಲೆ ರಿಪೋರ್ಟ್ ಮಾಡಿಸಿ ತೆಗೆಸಿದೆವು. ಸ್ವಲ್ಪ ದಿನಕ್ಕೆ ಇನ್ನೊಂದು ಹುಟ್ಟಿತು, ಈ ಸಲ ಚುಕ್ಕೆಯ ಬದಲು ಅಡ್ಡಗೆರೆ. ನಡುವೆ ಒಬ್ಬ ಫೋನ್ ಮಾಡಿ, ‘ಮೇಡಂ, ನಕಲಿ ಪೇಜನ್ನು ಶಾಶ್ವತವಾಗಿ ತೆಗೆಸಿಕೊಡ್ತೀನಿ, ನಿಮ್ಮ ಪೇಜಿನ ಅಡ್ಮಿನ್ ಕೊಡಿ, ಫೀಸ್ ಆಮೇಲೆ ಕೊಟ್ಟರಾಯ್ತು’ ಅಂದ. ಇಂಥವರಿಗೆ ಅಡ್ಮಿನ್, ಅಂದರೆ ಪೇಜ್ ನಡೆಸುವ ಅಧಿಕಾರ, ಕೊಟ್ಟರೆ ಇರುವ ಅಸಲಿ ಪೇಜೂ ಹೋಗುತ್ತದೆ. ‘ನಿಮ್ಮ ಪೇಜ್ ಕಾಪಿರೈಟ್ ಕಾರಣಕ್ಕೆ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ’ ಅಂತ ಬರುವ ಮೆಸೇಜುಗಳೂ ಇದೇ ಜಾತಿಯವು, ಒತ್ತಬೇಡಿ.

ಈಗ ನಮ್ಮ ಲೈವ್‌ನಲ್ಲಿ ಕಾಮೆಂಟಿನ ಮೂಲಕ ಬುಕಿಂಗ್ ಇಲ್ಲ. ಇದರಿಂದ ವ್ಯಾಪಾರ ಸ್ವಲ್ಪ ನಿಧಾನ ಆಗಿದೆ, ಆಗಲಿ. ಸೀರೆ ಬೇಕಾದವರು ನನ್ನ ಹಿಂದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುವ ಒಂದೇ ನಂಬರಿಗೆ ಮೆಸೇಜ್ ಮಾಡಬೇಕು. ಆ ನಂಬರನ್ನು ನಾನು ಬಾಯಲ್ಲೂ ಹೇಳುತ್ತಿರುತ್ತೇನೆ, ಯಾಕೆಂದರೆ ಕಳ್ಳರು ಕಾಮೆಂಟಿನಲ್ಲಿ ಏನು ಬೇಕಾದರೂ ಬರೆಯಬಹುದು, ಲೈವ್‌ನಲ್ಲಿ ನನ್ನ ಬಾಯಿಂದ ಬೇರೆ ನಂಬರ್ ಹೇಳಿಸಲು ಆಗುವುದಿಲ್ಲ. ನನ್ನ ನಾದಿನಿ ಇನ್ನೊಂದು ಫೋನ್ ಹಿಡಿದು ಕಾಮೆಂಟುಗಳನ್ನೇ ನೋಡುತ್ತಾಳೆ. ನಮ್ಮ ಹೆಸರು ಹೋಲುವ ಖಾತೆ ಕಂಡರೆ ಆಗಲೇ ಬ್ಲಾಕ್. ಲಿಂಕ್ ಇರುವ ಕಾಮೆಂಟುಗಳನ್ನೂ ‘ಕನ್ಫರ್ಮ್’, ‘ವಾಟ್ಸಾಪ್ ಮಾಡಿ’ ಅನ್ನುವಂಥ ಮಾತುಗಳನ್ನೂ ಸೆಟಿಂಗಿನಲ್ಲಿ ತಡೆಹಿಡಿಯಬಹುದು. ಯೂಟ್ಯೂಬಿನಲ್ಲಿ ಲೈವ್ ಚಾಟನ್ನು ಚಂದಾದಾರರಿಗೆ ಮಾತ್ರ ಬಿಡಬಹುದು, ಒಬ್ಬರ ಎರಡು ಮೆಸೇಜುಗಳ ನಡುವೆ ಇಷ್ಟು ಹೊತ್ತು ಅಂತರ ಇರಬೇಕು ಅಂತಲೂ ಕಟ್ಟು ಹಾಕಬಹುದು. ಲೈವ್ ಬೆಳೆಸುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಈ ಸೆಟಿಂಗುಗಳ ಬಗ್ಗೆ ನನಗಂತೂ ಯಾರೂ ಹೇಳಲಿಲ್ಲ.

ಕೊಳ್ಳುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನ್ ನಂಬರನ್ನು ದಯವಿಟ್ಟು ಕಾಮೆಂಟಿನಲ್ಲಿ ಹಾಕಬೇಡಿ. ಅದನ್ನು ನಾವು ಮಾತ್ರ ಓದುವುದಲ್ಲ, ಎಲ್ಲರೂ ಓದುತ್ತಾರೆ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ದುಡ್ಡು ಯಾರಿಗೆ ಹೋಗುತ್ತಿದೆ ಅಂತ ಹೆಸರು ಬರುತ್ತದೆ, ಅಲ್ವಾ? ಅದು ಅಂಗಡಿಯವರು ಹೇಳಿದ ಹೆಸರೇನಾ ಅಂತ ನೋಡಿ. ಬೇರೆ ಹೆಸರಿದ್ದರೆ ನಿಲ್ಲಿಸಿ, ಅಂಗಡಿಗೆ ಫೋನ್ ಮಾಡಿ ಕೇಳಿ. ಸೀರೆ ಕೈತಪ್ಪಿದರೆ ತಪ್ಪಲಿ, ಅಂಥದ್ದೇ ಇನ್ನೊಂದನ್ನು ನೇಯಿಸಿ ಕೊಡಬಹುದು. ಇನ್ನು, ದುಡ್ಡು ವಾಪಸ್ ಹಾಕುತ್ತೇವೆ, ಪಿನ್ ಒತ್ತಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ.

ದುಡ್ಡು ಹೋಗೇಬಿಟ್ಟಿದ್ದರೆ ಮೊದಲು ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನೆಂಟರನ್ನು ಕೇಳುವುದು, ಅಂಗಡಿಯವರ ಜೊತೆ ಜಗಳ ಆಡುವುದು ಎಲ್ಲ ಆಮೇಲೆ. ಕಳ್ಳರು ದುಡ್ಡು ತೆಗೆಯುವ ಮೊದಲೇ ದೂರು ಮುಟ್ಟಿದರೆ ಬ್ಯಾಂಕಿನಲ್ಲಿ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ, ವಾರ ಕಳೆದರೆ ಕಷ್ಟ. ಪೇಮೆಂಟಿನ 12 ಅಂಕಿಯ ಯುಟಿಆರ್ ನಂಬರ್ (ಆ ಪೇಮೆಂಟಿನ ಗುರುತಿನ ನಂಬರ್) ಕೈಯಲ್ಲಿಟ್ಟುಕೊಳ್ಳಿ. ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಬೇರೆಯವರ ವೇಷ ಹಾಕಿ ಹೀಗೆ ವಂಚಿಸಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು ಇದೆ.

ವ್ಯಾಪಾರಸ್ಥರಿಗೆ ಇನ್ನೊಂದು ಮಾತು. ನಕಲಿ ಪೇಜ್ ಕಂಡ ಕೂಡಲೇ ರಿಪೋರ್ಟ್ ಒತ್ತಬೇಡಿ. ಮೊದಲು ಅದರ ಲಿಂಕ್ ಬರೆದಿಟ್ಟುಕೊಳ್ಳಿ, ಅವರು ಹಾಕಿದ ಕಾಮೆಂಟುಗಳ, ನಂಬರುಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ಆಮೇಲೆ ರಿಪೋರ್ಟ್ ಮಾಡಿ. ಪೇಜ್ ಮಾಯವಾದ ಮೇಲೆ ಠಾಣೆಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ನಿಮ್ಮ ಲೈವ್ ವಿಡಿಯೋವನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, 2025ರ ಫೆಬ್ರವರಿ 19ರ ನಂತರದ ಲೈವ್‌ಗಳನ್ನು ಫೇಸ್‌ಬುಕ್ 30 ದಿನ ಮಾತ್ರ ಇಟ್ಟು ಅಳಿಸಿಹಾಕುತ್ತದೆ.