ವಿಎಂಕೋರ್ ಬಿಚ್ಚೋಕೆ ಕ್ರ್ಯಾಶೋ, ಡ್ರ್ಯಾಗನ್ನೋ?

ಲಿನಕ್ಸ್ ಕರ್ನಲ್ ಕುಸಿದಾಗ ಉಳಿಸಿಟ್ಟ ಮೆಮೊರಿಯ ನಕಲೇ ವಿಎಂಕೋರ್, ಅಂದರೆ ಡಂಪ್. ಅದನ್ನು ಬಿಚ್ಚಿ ಕಾರಣ ಹುಡುಕುವ ಎರಡು ಸಾಧನಗಳು ಕ್ರ್ಯಾಶ್ ಮತ್ತು ಡ್ರ್ಯಾಗನ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡ್ರ್ಯಾಗನ್‌ಗೆ. (ಬರೆಯುವಾಗ ಸ್ವರಗಳನ್ನೆಲ್ಲ ಕಿತ್ತು ಬರೀ ಡಿ-ಆರ್-ಜಿ-ಎನ್. ಪ್ಯಾಕೇಜ್ ಹುಡುಕುವಾಗ ನೆನಪಿರಲಿ.) ಕ್ರ್ಯಾಶ್ ಕೆಟ್ಟದ್ದೇನಲ್ಲ, ಆದರೆ ಬೇಕಾದಾಗಲೇ ಕೈಕೊಡುತ್ತದೆ.

ಲಿನಕ್ಸ್ 6.4 ಅಥವಾ ಅದಕ್ಕಿಂತ ಹೊಸ ಕರ್ನಲ್‌ನ ಡಂಪನ್ನು ಹಳೆಯ ಕ್ರ್ಯಾಶ್‌ಗೆ ಕೊಟ್ಟು ನೋಡಿ. ಪ್ರಾಂಪ್ಟ್ ಬರುವ ಮುಂಚೆಯೇ 'ಇನ್‌ವ್ಯಾಲಿಡ್ ಸ್ಟ್ರಕ್ಚರ್ ಮೆಂಬರ್ ಆಫ್‌ಸೆಟ್: ಮಾಡ್ಯೂಲ್_ಕೋರ್_ಸೈಜ್' ಎಂದು ಒದರಿ ಶೆಲ್‌ಗೆ ತಳ್ಳುತ್ತದೆ. ಮೊದಲು ಅನುಮಾನ ಬರುವುದು ಡಂಪ್ ಮೇಲೆ, ಆಮೇಲೆ ಡೀಬಗ್‌ಇನ್ಫೋ (ಕರ್ನಲ್‌ನ ಹೆಸರು, ರಚನೆಗಳ ವಿವರ) ಮೇಲೆ. ಎರಡೂ ಸರಿಯಾಗೇ ಇರುತ್ತವೆ. ಆ ವಿವರ ಹೊತ್ತ ಕರ್ನಲ್ ಫೈಲು, ಅಂದರೆ ವಿಎಂಲಿನಕ್ಸ್, ತಪ್ಪಿದ್ದರೆ 'ಡು ನಾಟ್ ಮ್ಯಾಚ್' ಎಂಬ ಬೇರೆಯದೇ ಬೈಗುಳ ಬರುತ್ತದೆ. ಆಗಿರುವುದು ಇಷ್ಟೇ: 6.4ರಲ್ಲಿ ಸ್ಟ್ರಕ್ಟ್ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ತುಂಡಿನ ವಿವರ ಇಡುವ ರಚನೆ) ಒಳಗಿನ ಕೋರ್_ಲೇಔಟ್, ಇನಿಟ್_ಲೇಔಟ್ ಹೋಗಿ 'ಮೆಮ್' ಎಂಬ ಅರೇ ಬಂತು. ಕ್ರ್ಯಾಶ್‌ನ ಸಿ ಕೋಡ್‌ನಲ್ಲಿ ಹಳೆಯ ಹೆಸರುಗಳೇ ಕೂತಿವೆ.

'--ನೋ_ಮಾಡ್ಯೂಲ್ಸ್' ಕೊಟ್ಟರೆ ಪ್ರಾಂಪ್ಟ್ ಸಿಗುತ್ತದೆ. ಆದರೆ ಬಿಟಿ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂದು ತೋರಿಸುವ ಆಜ್ಞೆ) ಹೊಡೆದಾಗ ಮಾಡ್ಯೂಲ್‌ನ ಫಂಕ್ಷನ್ ಹೆಸರುಗಳು ಮಾಯ. ಮಷೀನ್ ಕೆಡವಿದ ಡ್ರೈವರ್ ಬಹುಪಾಲು ಅಲ್ಲೇ ಇರುತ್ತದೆ. ಸರಿಯಾದ ದಾರಿ ಎಂದರೆ ಹೊಸ ಸೋರ್ಸ್ ತಂದು ಬಿಲ್ಡ್ ಮಾಡುವುದು. ಒಳಗೊಂದು ಜಿಡಿಬಿಯೂ (ಇನ್ನೊಂದು ಡೀಬಗರ್) ಇಳಿದು ಬಿಲ್ಡ್ ಆಗಬೇಕು, ಕಾಫಿಗೆ ಎದ್ದು ಹೋಗಬಹುದು. 'ಮೇಕ್ ಲ್ಝೋ' ಅನ್ನುವುದನ್ನು ಮರೆತರೆ, ಡಂಪ್ ಕುಗ್ಗಿಸುವ ಮೇಕ್‌ಡಂಪ್‌ಫೈಲ್‌ಗೆ '-ಎಲ್' ಕೊಟ್ಟು ಲ್ಝೋ ವಿಧಾನದಲ್ಲಿ ಅಮುಕಿದ ಡಂಪ್ ತೆರೆಯುವುದಿಲ್ಲ. ಮತ್ತೆ ಮೊದಲಿಂದ.

ಡ್ರ್ಯಾಗನ್‌ನ ಹೆಲ್ಪರ್‌ಗಳಿಗೂ (ಜೊತೆಗೆ ಬರುವ ಸಿದ್ಧ ಫಂಕ್ಷನ್‌ಗಳು) ಈ ಕಾಯಿಲೆ ಇದೆ, ಆದರೆ ಅವು ಪೈಥಾನ್. 5.14ರಲ್ಲಿ ಪ್ರತಿ ಟಾಸ್ಕ್‌ನ ವಿವರ ಇಡುವ ಟಾಸ್ಕ್_ಸ್ಟ್ರಕ್ಟ್‌ನ 'ಸ್ಟೇಟ್' ಎಂಬುದು '__ಸ್ಟೇಟ್' ಆದಾಗ ಹಳೆಯ ಹೆಸರು ಬಳಸಿದ ಸಾಲೊಂದೇ ಆಟ್ರಿಬ್ಯೂಟ್‌ಎರರ್ ಕೊಡುತ್ತದೆ, ಸೆಷನ್ ಸಾಯುವುದಿಲ್ಲ. ಟ್ರೈ-ಎಕ್ಸೆಪ್ಟ್ ಹಾಕಿ ಮುಂದೆ ಹೋಗುವುದು.

ಒಂದು ಮೆಮೊರಿ ವಿಳಾಸ ಯಾವುದರದ್ದು ಎಂದು ಗುರುತಿಸುವುದರಲ್ಲಿ ಎರಡೂ ಸಮ. ಎಕ್ಸ್86-64ರಲ್ಲಿ ನಾಲ್ಕು ಹಂತದ ಪೇಜ್ ಟೇಬಲ್ ಇದ್ದು ಕೆಎಎಸ್‌ಎಲ್‌ಆರ್ (ಕರ್ನಲ್ ವಿಳಾಸಗಳನ್ನು ಕಲೆಸುವ ರಕ್ಷಣೆ) ಇಲ್ಲದಿದ್ದರೆ, ನಾಲ್ಕು ಎಫ್ ಆದಮೇಲೆ 888 ಬಂದರೆ ಡೈರೆಕ್ಟ್ ಮ್ಯಾಪ್ (ಭೌತಿಕ ಮೆಮೊರಿಯ ನೇರ ನಕ್ಷೆ), ಸಿ90 ಬಂದರೆ ವಿಮಾಲಾಕ್ (ಚದುರಿದ ಪುಟಗಳನ್ನು ಒಂದೇ ಸಾಲಾಗಿ ತೋರಿಸುವ ಜಾಗ), ಇಎ0 ಬಂದರೆ ಸ್ಟ್ರಕ್ಟ್ ಪೇಜ್‌ಗಳ (ಪುಟಕ್ಕೊಂದರಂತೆ ವಿವರ) ಸಾಲು ಎಂದು ಕಣ್ಣಲ್ಲೇ ಹೇಳಬಹುದು. ಕೆಎಎಸ್‌ಎಲ್‌ಆರ್ ಇದ್ದರೆ ಈ ಬುನಾದಿಗಳೇ ಬೂಟಿನಿಂದ ಬೂಟಿಗೆ ಜರುಗುತ್ತವೆ, ಕಣ್ಣನ್ನು ನಂಬಬೇಡಿ. ಆಗ ಸಾಧನವನ್ನೇ ಕೇಳಿ: ಕ್ರ್ಯಾಶ್‌ನಲ್ಲಿ 'ಕೆಮೆಮ್', ಡ್ರ್ಯಾಗನ್‌ನಲ್ಲಿ 'ಐಡೆಂಟಿಫೈ_ಅಡ್ರೆಸ್'. ಎರಡನೆಯದು 'ಫ್ರೀ ಸ್ಲ್ಯಾಬ್ ಆಬ್ಜೆಕ್ಟ್' ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಯಾರೋ ಇನ್ನೂ ಹಿಡಿದಿದ್ದಾರೆ ಎಂದೇ ಮೊದಲು ಶಂಕಿಸಿ.

ಮೇಕ್‌ಡಂಪ್‌ಫೈಲ್‌ನ ಡಂಪ್ ಲೆವೆಲ್ (ಯಾವ ಬಗೆಯ ಪುಟಗಳನ್ನು ಬಿಡಬೇಕೆಂಬ ಸಂಖ್ಯೆ) 31 ಇಟ್ಟಿದ್ದರೆ ಪೇಜ್ ಕ್ಯಾಶ್ (ಮೆಮೊರಿಯಲ್ಲಿರುವ ಫೈಲುಗಳ ನಕಲು) ಎರಡರಲ್ಲೂ ಸಿಗದು. ಬೇಕಿದ್ದರೆ 25 ಇಡಿ.

'ಫೋರ್‌ಈಚ್ ಯುಎನ್ ಬಿಟಿ' ಎಂದು ಒಂದೇ ಸಾಲು ಹೊಡೆದು ಡಿ ಸ್ಥಿತಿಯಲ್ಲಿ (ಸಿಗ್ನಲ್‌ಗೂ ಏಳದ ನಿದ್ದೆ) ನೇತಾಡುವ ಟಾಸ್ಕ್‌ಗಳನ್ನೆಲ್ಲ ನೋಡುವ ಸುಖ ಕ್ರ್ಯಾಶ್‌ನಲ್ಲೇ. ಡ್ರ್ಯಾಗನ್‌ನಲ್ಲಿ ಅದಕ್ಕೊಂದು ಲೂಪ್ ಬರೆಯಬೇಕು.

ಎರಡಕ್ಕೂ ದುಡ್ಡಿಲ್ಲ, ಖರ್ಚಾಗುವುದು ಡೀಬಗ್‌ಇನ್ಫೋಗೆ ಡಿಸ್ಕ್ ಮಾತ್ರ. ಡಿಸ್ಟ್ರೋ ಕೊಟ್ಟ ಕರ್ನಲ್ಲು, ತಿಂಗಳಿಗೊಂದು ಡಂಪು ಅನ್ನುವವರಿಗೆ ಅದೇ ಡಿಸ್ಟ್ರೋದ ಕ್ರ್ಯಾಶ್ ಧಾರಾಳ. ನನ್ನದು ವಾರಕ್ಕೊಂದು ಹೊಸ ಕರ್ನಲ್, ಲೂಪ್ ಬರೆದಿಟ್ಟುಕೊಂಡಿದ್ದೇನೆ.