ಪ್ಯಾರಿಸ್–ರೋಮ್ ವಿಮಾನ ಬುಕ್ ಮಾಡುವ ಮುಂಚೆ ಇದನ್ನು ಓದಿ

ಪ್ಯಾರಿಸ್‌ನಿಂದ ರೋಮ್‌ಗೆ ನೇರ ದೂರ ಸುಮಾರು 1,100 ಕಿ.ಮೀ. ವಿಮಾನದಲ್ಲಿ 2 ಗಂಟೆ ಚಿಲ್ಲರೆ. ನಾವು ನೋಡಿದ್ದೂ ಇಷ್ಟೇ. ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಬೆಳಿಗ್ಗೆ 5.30ಕ್ಕೆ ಪ್ಯಾರಿಸ್‌ನ ರೂಮು ಬಿಟ್ಟೆವು. ರೋಮ್‌ನ ರೂಮು ಸೇರಿದಾಗ ರಾತ್ರಿ 11 ದಾಟಿತ್ತು.

ತಪ್ಪಾಗಿದ್ದು ಟಿಕೆಟ್ ತೆಗೆಯುವಾಗಲೇ. ಒಬ್ಬರಿಗೆ 24 ಯೂರೋ ಅಂತ ಕಂಡಿತು, ತಕ್ಷಣ ತೆಗೆದುಬಿಟ್ಟೆ. ‘ಪ್ಯಾರಿಸ್ ಬೋವೆ’ ಅಂತ ಇತ್ತು. ಪ್ಯಾರಿಸ್‌ನದೇ ಯಾವುದೋ ಬಡಾವಣೆ ಅಂದುಕೊಂಡೆ. ಅಲ್ಲ. ಬೋವೆ ಬೇರೆಯೇ ಊರು, ಪ್ಯಾರಿಸ್‌ನಿಂದ ಉತ್ತರಕ್ಕೆ 80 ಕಿ.ಮೀ. ಆಚೆ. ಬೆಂಗಳೂರಿನಿಂದ ಮದ್ದೂರಿಗೆ ಹೋಗಿ ವಿಮಾನ ಹತ್ತಿದಷ್ಟು ದೂರ. ಪ್ಯಾರಿಸ್‌ನ ಷಾರ್ಲ್ ದ ಗಾಲ್ ವಿಮಾನ ನಿಲ್ದಾಣ ಊರಿಂದ 25 ಕಿ.ಮೀ. ಇದೆ, ಇನ್ನೊಂದು ನಿಲ್ದಾಣ ಓರ್ಲಿ ಇನ್ನೂ ಹತ್ತಿರ.

ವಿಮಾನ 9.10ಕ್ಕೆ. ಬೋವೆಗೆ ಹೋಗುವ ಬಸ್ ಹತ್ತಿರ 6.30ಕ್ಕೆ ಹೋದೆವು. ಒಂದು ಬಸ್ ತುಂಬಿ ಹೋಯಿತು. ಮುಂದಿನದರಲ್ಲಿ ಕೂತು ಇಳಿದಾಗ 8.10. ವಿಮಾನಕ್ಕೆ 3 ಗಂಟೆ ಮುಂಚೆಯೇ ಪ್ಯಾರಿಸ್‌ನಲ್ಲಿ ಬಸ್ ಹತ್ತಬೇಕು ಅನ್ನೋದು ಆಮೇಲೆ ಗೊತ್ತಾಯಿತು.

ಚೆಕ್-ಇನ್ ಹಿಂದಿನ ದಿನವೇ ಮೊಬೈಲಲ್ಲಿ ಮಾಡಿದ್ದೆವು, ಹಾಗಾಗಿ ನೇರವಾಗಿ ಸೆಕ್ಯುರಿಟಿ ಸಾಲಿಗೆ ನಿಂತೆವು. 8.35ಕ್ಕೆ ಗೇಟ್. ಅಲ್ಲಿದ್ದ ಹುಡುಗಿ ನಮ್ಮ ಬೋರ್ಡಿಂಗ್ ಪಾಸ್ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಮತ್ತೆ ಪಾಸ್ ತಿರುಗಿಸಿ ನೋಡಿದಳು. ವೀಸಾ ನೋಡಿ ಹಾಕುವ ಮುದ್ರೆ ಎಲ್ಲಿ ಅಂದಳು. ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗಿನ ಪ್ರಯಾಣಕ್ಕೆ ಅದೆಲ್ಲ ಯಾಕೆ ಅಂತ ನಾವು ಯೋಚಿಸಿಯೇ ಇರಲಿಲ್ಲ. ಆದರೆ ಕೆಲವು ಅಗ್ಗದ ವಿಮಾನ ಕಂಪನಿಗಳು ನಮ್ಮಂಥ ಹೊರದೇಶದ ಪಾಸ್‌ಪೋರ್ಟ್ ಇರುವವರ ವೀಸಾವನ್ನು ಸೆಕ್ಯುರಿಟಿಗೆ ಮುಂಚೆ, ಹೊರಗಿನ ಕೌಂಟರ್‌ನಲ್ಲೇ ನೋಡಬೇಕು ಅನ್ನುತ್ತವೆ. ಆ ಕೌಂಟರ್ 40 ನಿಮಿಷ ಮುಂಚೆ, ಅಂದರೆ 8.30ಕ್ಕೇ ಮುಚ್ಚಿತ್ತು. ಐದೇ ನಿಮಿಷ! ಎಷ್ಟು ಬೇಡಿಕೊಂಡರೂ ಆಗಲಿಲ್ಲ. ವಿಮಾನ ಕಿಟಕಿಯಾಚೆ ಕಾಣುತ್ತಲೇ ಇತ್ತು.

ಅಲ್ಲಿಂದ ರೋಮ್‌ಗೆ ಅವತ್ತು ಬೇರೆ ವಿಮಾನ ಇರಲಿಲ್ಲ. ರಾತ್ರಿ ಅಲ್ಲೇ ಕಳೆಯೋಣ ಅಂದರೆ ನಿಲ್ದಾಣವನ್ನೇ ಮುಚ್ಚುತ್ತಾರೆ. ಮತ್ತೆ ಬಸ್, ಮತ್ತೆ ಪ್ಯಾರಿಸ್, ಓರ್ಲಿಯಿಂದ ಸಂಜೆಯ ವಿಮಾನ, ಒಬ್ಬರಿಗೆ 160 ಯೂರೋ. ದುಡ್ಡಿಗಿಂತ ಹೊಟ್ಟೆ ಉರಿದಿದ್ದು ಅಮ್ಮನ್ನ ನೋಡಿ. ಮಂಡಿ ನೋವಿರುವ ಅವರು ಬಸ್ ಸ್ಟಾಪಿನ ಕಟ್ಟೆ ಮೇಲೆ ಕೂತು, ಚಟ್ನಿಪುಡಿ ಡಬ್ಬಿ ತೆಗೆದು, ಬ್ರೆಡ್ಡಿಗೆ ಹಚ್ಚಿ ಮೊದಲು ನಮಗೇ ಕೊಟ್ಟರು. ಒಂದು ಮಾತೂ ಆಡಲಿಲ್ಲ.

ದಯವಿಟ್ಟು ಟಿಕೆಟ್ ಮೇಲಿನ ಮೂರಕ್ಷರ ನೋಡಿ. ಬಿವಿಎ ಅಂದರೆ ಬೋವೆ, ಸಿಡಿಜಿ ಅಂದರೆ ಷಾರ್ಲ್ ದ ಗಾಲ್. ಬೇರೆ ಕಡೆಯೂ ಹೀಗೇ ಇದೆ. ‘ಫ್ರಾಂಕ್‌ಫರ್ಟ್ ಹಾನ್’ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರ. ರೂಮಿನ ಬಾಗಿಲಿಂದ ರೂಮಿನ ಬಾಗಿಲಿಗೆ ಎಷ್ಟು ಹೊತ್ತು ಅಂತ ಕೂಡಿಸಿ, ಬಸ್ಸಿನ ದುಡ್ಡನ್ನೂ ಸೇರಿಸಿ. ಮುದ್ರೆ ಬೇಕಾ ಅಂತ ಹಿಂದಿನ ದಿನವೇ ಕಂಪನಿಯ ನಿಯಮ ಓದಿಕೊಳ್ಳಿ.

ರೋಮ್‌ನಿಂದ ವೆನಿಸ್‌ಗೆ ವಿಮಾನದಲ್ಲಿ 1 ಗಂಟೆ ಚಿಲ್ಲರೆ ಅಂತ ಮತ್ತೆ ಆಸೆಯಾಯಿತು. ಈ ಸಲ ಕೂಡಿಸಿ ನೋಡಿ ರೈಲು ಹಿಡಿದೆವು. ಸುಮಾರು 4 ಗಂಟೆ. ಸಾಂತಾ ಲುಚಿಯಾ ಸ್ಟೇಷನ್ನಿನ ಬಾಗಿಲು ದಾಟಿದರೆ ಎದುರಿಗೇ ದೊಡ್ಡ ಕಾಲುವೆ. ಅಮ್ಮ ಮೆಟ್ಟಿಲ ಮೇಲೆ ಕೂತು ದೋಣಿ ನೋಡುತ್ತಾ, “ಇಷ್ಟು ಬೇಗ ಬಂದ್ವಾ?” ಅಂದರು.