ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡಿಸುವ ಮುಂಚೆ ಇಲ್ಲಿ ಹಲ್ಲು ತೋರಿಸಿ

ಮೈಸೂರಿನಲ್ಲಿ ಹಲ್ಲಿನ ಡಾಕ್ಟರಿಗೇನು ಬರವಿಲ್ಲ. ಆದರೆ ಕ್ಯಾನ್ಸರ್ ಇರುವವರ ಹಲ್ಲು ನೋಡುವುದೇ ಬೇರೆ ಕೆಲಸ, ಅದು ಈ ಕ್ಲಿನಿಕ್‌ನ ಡಾಕ್ಟರ್ ಮೇಡಂಗೆ ಚೆನ್ನಾಗಿ ಗೊತ್ತು.

ನಮ್ಮ ಮಾವನವರಿಗೆ ಕೆನ್ನೆ ಒಳಗೆ ಕ್ಯಾನ್ಸರ್. ಆಪರೇಷನ್ ಆಗಿತ್ತು, ರೇಡಿಯೇಷನ್ ಬಾಕಿ ಇತ್ತು. ಮೇಡಂ ಎಕ್ಸ್‌ರೇ ನೋಡಿ, ನಮ್ಮೆದುರಿಗೇ ರೇಡಿಯೇಷನ್ ಡಾಕ್ಟರಿಗೆ ಫೋನ್ ಮಾಡಿ, ದವಡೆಯ ಯಾವ ಕಡೆ ಎಷ್ಟು ಡೋಸ್ ಬೀಳುತ್ತದೆ ಅಂತ ಕೇಳಿಕೊಂಡ ಮೇಲೇ ಹಲ್ಲಿಗೆ ಕೈ ಹಾಕಿದ್ದು. ಆ ಕಡೆ ಉಳಿಸಲು ಆಗದ ಹಲ್ಲುಗಳನ್ನು ಮೊದಲೇ ಕಿತ್ತರು. ಗಾಯ ಮಾಯಲು ಎರಡು ಮೂರು ವಾರ ಬೇಕಂತೆ. ರೇಡಿಯೇಷನ್ ಆದ ಮೂಳೆಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಮೇಲೆ ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು, ವರ್ಷಗಳು ಕಳೆದರೂ ಈ ಅಪಾಯ ಹೋಗುವುದಿಲ್ಲ. ಇದಕ್ಕೆ ಮುಂಚೆ ಹೋಗಿದ್ದ ಇನ್ನೊಂದು ಕಡೆ "ರೇಡಿಯೇಷನ್ ಮುಗಿಸಿಕೊಂಡು ಬನ್ನಿ, ಆಮೇಲೆ ಕೀಳೋಣ" ಅಂದಿದ್ದರು! ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ರೇಡಿಯೇಷನ್‌ನಿಂದ ಜೊಲ್ಲು ಬತ್ತುತ್ತದೆ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ವಸಡಿನ ಹತ್ತಿರವೇ ಬೇಗ ಹುಳುಕಾಗುತ್ತದೆ. ಅದಕ್ಕೆ ಹಲ್ಲಿನ ಅಚ್ಚು ತೆಗೆದು ಟ್ರೇ ಮಾಡಿಕೊಟ್ಟರು. ರಾತ್ರಿ ಬ್ರಷ್ ಆದಮೇಲೆ ಅದರಲ್ಲಿ ಫ್ಲೋರೈಡ್ ಜೆಲ್ ಹಾಕಿ 5 ನಿಮಿಷ ಇಟ್ಟುಕೊಂಡು ಉಗಿಯಬೇಕು, ಅರ್ಧ ಗಂಟೆ ನೀರೂ ಕುಡಿಯುವಂತಿಲ್ಲ. ಸುಮ್ನೆ ಹೇಳಿ ಕಳಿಸಲಿಲ್ಲ. ಮಾವನವರ ಕೈಯಿಂದಲೇ ಜೆಲ್ ಹಾಕಿಸಿದರು, ಜಾಸ್ತಿಯಾಗಿ ವಸಡಿನ ಮೇಲೆ ಹರಿದಾಗ ಒರೆಸಿ ಇನ್ನೊಮ್ಮೆ ಹಾಕಿಸಿದರು. "ಯಜಮಾನ್ರೇ, ಇದನ್ನ ಬಿಡೋ ಹಾಗಿಲ್ಲ, ಜೀವನಪೂರ್ತಿ" ಅಂದರು. ಬಾಯಿ ಒಣಗುತ್ತದೆ ಅಂತ ಅವರು ಚೀಪುತ್ತಿದ್ದ ಪೆಪ್ಪರ್‌ಮೆಂಟ್ ಕೂಡ ಬಂದ್.

ಬಾಯೆಲ್ಲ ಹುಣ್ಣಾದಾಗ ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ ಅಂದರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ ಮುಕ್ಕಳಿಸಿದ್ದು, ಅಷ್ಟೇ. ಪ್ರತಿ ಸಲ ಬಾಯಿ ಎಷ್ಟು ತೆರೆಯುತ್ತದೆ ಅಂತ ಸ್ಕೇಲ್ ಹಿಡಿದು ಅಳೆಯುತ್ತಾರೆ. 35 ಮಿಲಿಮೀಟರ್‌ಗಿಂತ ಕಡಿಮೆಯಾದರೆ ದವಡೆ ಬಿಗಿಯುತ್ತಿದೆ ಅಂತ ಲೆಕ್ಕ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ಬಾಯಿ ತೆರೆಯುವ ವ್ಯಾಯಾಮವನ್ನೂ ಹೇಳಿಕೊಟ್ಟರು.

ಬೇಜಾರಿನ ವಿಷಯ ಅಂದರೆ ಕ್ಲಿನಿಕ್ ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸುಸ್ತಾದವರನ್ನು ಹತ್ತಿಸುವುದು ನಿಜಕ್ಕೂ ಕಷ್ಟ, ಇದನ್ನು ಅವರು ಸರಿಮಾಡಲೇಬೇಕು. ಜೆಲ್ ಕೂಡ ಕೆಲವು ಸಲ ಇರುವುದಿಲ್ಲ, ಫೋನ್ ಮಾಡಿಕೊಂಡು ಹೋಗಿ.

ಕೀಮೋ ನಡೆಯುತ್ತಿದ್ದರೆ ಹೊಸ ಬ್ಲಡ್ ರಿಪೋರ್ಟ್ ತನ್ನಿ, ಪ್ಲೇಟ್‌ಲೆಟ್ ನೋಡದೆ ಇಲ್ಲಿ ಕ್ಲೀನಿಂಗ್ ಕೂಡ ಮಾಡುವುದಿಲ್ಲ. ಮೂಳೆಗೆ ಝೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಆಗಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ.